ಹಂಪಿಯಲ್ಲಿ ಹನ್ನೆರಡು ಚಿತ್ರ

ಸೂಜಿರಂಧ್ರದ ಕ್ಯಾಮೆರಾದಲ್ಲಿ ಬಿಂಬ ತಲೆಕೆಳಗಾಗಿ ಮೂಡುತ್ತದೆ ಎಂದು ಇಪ್ಪತ್ತೆಂಟು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆದು ತೋರಿಸುತ್ತ ಬಂದವನು ನಾನು. ಕಣ್ಣಾರೆ ಕಂಡದ್ದು ಮಾತ್ರ ಈ ಬೇಸಿಗೆಯಲ್ಲಿ, ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ. ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆ. ಸಣ್ಣ ಕಿಂಡಿಯೊಂದರಿಂದ ಬೆಳಕು ತೂರಿ ಬರುತ್ತಿತ್ತು. ಸುಮಾರು ಐವತ್ತು ಮೀಟರ್ ಎತ್ತರದ ಪೂರ್ವದ ರಾಜಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿತ್ತು!

ಜೊತೆಯಲ್ಲಿ ಮಗನಿದ್ದ. ದ್ವಿತೀಯ ಪಿಯುಸಿಯಲ್ಲಿ ಅವನಿಗೆ ಭೌತಶಾಸ್ತ್ರದಲ್ಲೇ ಅಂಕ ಕಡಿಮೆ ಬಂದಿತ್ತು. ವಿಜ್ಞಾನದ ಮೇಷ್ಟ್ರ ಮಗನಿಗೆ! ಆಡಬಾರದ ನಾಲ್ಕು ಮಾತು ಆಡಿಬಿಟ್ಟಿದ್ದೆ. ಅಂದಿನಿಂದ ಮನೆಯಲ್ಲಿ ಮೌನ. ಕ್ಯಾಮೆರಾದ ಚೀಲ ಹೊರಲು ಜನ ಬೇಕೆಂಬ ನೆಪದಲ್ಲಿ ಅವನನ್ನು ಕರೆತಂದಿದ್ದೆ.

ಆ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ. ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರಿಂದ ಕೊಂಡದ್ದು. ಒಂದರ ಮೇಲೊಂದು ಎರಡು ಲೆನ್ಸ್. ಮೇಲಿನದು ನೋಡುವುದಕ್ಕೆ, ಕೆಳಗಿನದು ಫಿಲ್ಮಿಗೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ತೆಗೆದದ್ದನ್ನು ಅಲ್ಲೇ ನೋಡುವಂತಿಲ್ಲ, ಅಳಿಸುವಂತಿಲ್ಲ.

ದೇವಾಲಯದಿಂದ ಹೊರಬಂದು ಪಕ್ಕದ ಹೇಮಕೂಟ ಹತ್ತಿದೆವು. ಕ್ಯಾಮೆರಾದೊಳಗೆ ಬಗ್ಗಿ ನೋಡಿದರೆ ಎಡಬಲ ಅದಲುಬದಲು. ಕನ್ನಡಿಯ ಪಾಠ ಹೇಳುವ ನಾನೇ ಗೋಪುರವನ್ನು ಚೌಕಟ್ಟಿಗೆ ತರಲು ತಪ್ಪು ದಿಕ್ಕಿಗೆ ತಿರುಗುತ್ತಿದ್ದೆ. “ಎಡಕ್ಕಲ್ಲ ಅಪ್ಪಾ, ಬಲಕ್ಕೆ” ಎಂದ ಮಗ. ಆ ದಿನ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಬೆಳಕಿನ ಮೀಟರಿಗೆ ಬೇಕಾದ ಪಾದರಸದ ಸೆಲ್ಲು ಈಗ ತಯಾರಾಗುವುದಿಲ್ಲ. ಹಳಬರ ಸೂತ್ರವೇ ಗತಿ: ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್/16, ಐಎಸ್‌ಒ 125ರ ಫಿಲ್ಮಿಗೆ ಶಟರ್ ಸೆಕೆಂಡಿನ 125ನೇ ಒಂದು ಭಾಗ. ನೆರಳಿಗೆ ಬಂದರೆ ಅಪರ್ಚರ್ ಹಿಗ್ಗಿಸಬೇಕು. ಗುಡ್ಡದ ಮಂಟಪಗಳ ನೆರಳಿನಲ್ಲಿ ಈ ಕೊನೆಯ ಮಾತನ್ನೇ ಮರೆತೆ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಇದೇ ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ಆತನ ತಾಳ್ಮೆ ಎಷ್ಟಿದ್ದೀತು!

ಊರಿಗೆ ಮರಳಿ ಬಚ್ಚಲುಮನೆಯನ್ನು ಕತ್ತಲು ಮಾಡಿ, ಬೆಳಕು ನುಗ್ಗದ ಡಬ್ಬಿಗೆ ಫಿಲ್ಮು ಸುತ್ತಿ, 20 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಡೆವಲಪರ್ ಸುರಿದೆವು. ಬೆಳಕು ತಾಗಿದ ಸಿಲ್ವರ್ ಬ್ರೋಮೈಡ್ ಕಣಗಳು ಕಪ್ಪು ಬೆಳ್ಳಿಯಾಗುತ್ತವೆ, ತಾಗದವನ್ನು ಹೈಪೋ ಕರಗಿಸುತ್ತದೆ ಎಂದು ಮಗನೇ ತಂಗಿಗೆ ವಿವರಿಸಿದ. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಒಂದೂ ತಪ್ಪಿರಲಿಲ್ಲ.

ನೆಗೆಟಿವನ್ನು ಕಿಟಕಿಗೆ ಹಿಡಿದಾಗ ಏಳು ಕೆಟ್ಟಿದ್ದವು. ನೆರಳಿನಲ್ಲಿ ತೆಗೆದವು ಬಹುತೇಕ ಬರೀ ಖಾಲಿ. ಮಗ ಮನಸ್ಸಿನಲ್ಲೇ ಲೆಕ್ಕ ಹಾಕಿದ.

“ಹನ್ನೆರಡಕ್ಕೆ ಐದು. ಶೇಕಡಾ ನಲವತ್ತೊಂದು. ಪಾಸು ಬಿಡಿ ಅಪ್ಪಾ!”

ತಿಂಗಳಾದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಆಡಿದ ಮಾತಿಗೆ ಕ್ಷಮೆ ಕೇಳಲು ನನಗೂ ಧೈರ್ಯ ಬಂತು. ಏಳು ತಪ್ಪುಗಳನ್ನೂ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ದಸರಾ ರಜೆಗೆ ಮತ್ತೆ ಹಂಪಿ. ಈ ಸಲ ಚೀಲ ಹೊರುವವನು ನಾನು.