ತುಂಡಾದ ತಂತಿ ಮತ್ತು ನಮ್ಮ ಹೊಣೆ

ಕೊಳ್ಳೇಗಾಲದ ನೆರೆಗೆ ವಿದ್ಯುತ್ತು ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಸುತ್ತಲಿನ ಹಳ್ಳಿಗಳು ಮಾತ್ರ ಬಹುಕಾಲ ಬುಡ್ಡಿದೀಪದಲ್ಲೇ ಉಳಿದವು.

ಇಂದು ವಿದ್ಯುತ್ ಸಂಸ್ಥೆಯ ಮುಖ್ಯ ಎಲೆಕ್ಟ್ರಾನಿಕ್ಸ್ ಇಂಜಿನಿಯರರಾಗಿ ಉಪಕೇಂದ್ರಗಳ ರಿಲೇಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಮಾರ್ಗದಲ್ಲಿ ದೋಷ ಕಂಡೊಡನೆ ಬ್ರೇಕರನ್ನು ತೆರೆಸುವ ಸಾಧನವದು. ಕಷ್ಟವಿರುವುದು ಹನೂರಿನ ಕಡೆಯ ಕಲ್ಲುನೆಲದಲ್ಲಿ. 11 ಸಾವಿರ ವೋಲ್ಟಿನ ತಂತಿ ತುಂಡಾಗಿ ಒಣ ಬಂಡೆಯ ಮೇಲೆ ಬಿದ್ದರೆ ಭೂಮಿಗೆ ಹರಿಯುವ ಪ್ರವಾಹ ಅತ್ಯಲ್ಪ. ದಿನನಿತ್ಯದ ಏರಿಳಿತದಿಂದ ಅದನ್ನು ಬೇರ್ಪಡಿಸಿ ಗುರುತಿಸುವುದು ರಿಲೇಗೆ ಸುಲಭವಲ್ಲ. ಅದನ್ನು ಸೂಕ್ಷ್ಮಗೊಳಿಸಿದರೆ ಸಣ್ಣ ಗಾಳಿಮಳೆಗೂ ಫೀಡರ್ ಟ್ರಿಪ್ ಆಗುತ್ತದೆ, ಪಂಪುಸೆಟ್ಟಿನ ರೈತರು ಸಿಡಿಮಿಡಿಗೊಳ್ಳುತ್ತಾರೆ. ಸಡಿಲಿಸಿದರೆ ವಿದ್ಯುತ್ ಹರಿಯುತ್ತಿರುವ ತಂತಿ ದನ ಕಾಯುವ ಹುಡುಗನ ಹಾದಿಯಲ್ಲಿ ಬಿದ್ದಿರುತ್ತದೆ.

ನಾವು ಸೂಕ್ಷ್ಮತೆಯ ಕಡೆಗೇ ವಾಲುತ್ತೇವೆ. ಬೈಗುಳ ಬರುತ್ತದೆ, ಬರಲಿ. ಜನರ ಪ್ರಾಣ ನಮ್ಮ ಕೈಗೆ ಒಪ್ಪಿಸಲ್ಪಟ್ಟ ಅಮಾನತ್ತು.

ಆದರೂ ಯಂತ್ರವೊಂದನ್ನೇ ನೆಚ್ಚಿ ಕೂರಲಾಗದು. ಲೈನ್‌ಮನ್ ಎಲ್‌ಸಿ ಪಡೆದು ಕಂಬ ಹತ್ತಿದ ಮೇಲೆ ಅವನೇ ಅದನ್ನು ಹಿಂದಿರುಗಿಸುವವರೆಗೆ ಯಾರ ಫೋನು ಬಂದರೂ ಆ ಫೀಡರಿಗೆ ವಿದ್ಯುತ್ತಿಲ್ಲ. ಅದು ರಮಝಾನಿನ ಸಹರಿಯ ವೇಳೆಯಾಗಿದ್ದು, ಫೋನು ನಮ್ಮ ಮನೆಯಿಂದಲೇ ಬಂದಿದ್ದರೂ ಸರಿ.