ಔಷಧದ ಲೆಕ್ಕ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ಉಪಾಧ್ಯಾಯಿನಿಯರೂ ಆದವರು ಅನೇಕರು. ಆಸ್ಪತ್ರೆಯಲ್ಲಿದ್ದೂ ರೋಗಿಗಳ ಕಡತಗಳನ್ನು ಓದುವುದನ್ನೇ ಉದ್ಯೋಗವಾಗಿ ಕೈಕೊಂಡವಳು ನಾವರಿತಂತೆ ಒಬ್ಬಳೇ. ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಔಷಧಗಳ ವಿವರವನ್ನು ಸಂಶೋಧನೆಗಾಗಿ ಸಂಗ್ರಹಿಸುವುದು ಅವಳ ಕೆಲಸ. ಇದೆಂಥ ಗುಮಾಸ್ತಗಿರಿ ಎಂದು ಬಂಧುಗಳು ಮೂಗು ಮುರಿದರಂತೆ. ಕಳೆದ ರಜೆಯಲ್ಲಿ ಅವಳು ನಮ್ಮನ್ನು ಕಾಣಬಂದಾಗ ಅದರ ಕ್ರಮವನ್ನು ಕೇಳಿ ತಿಳಿದೆವು.

ಔಷಧದ ಹೆಸರೊಂದನ್ನು ಬರೆದರೆ ಸಾಲದು. ಇಂಥ ಅನೇಕ ಔಷಧಗಳ ಪ್ರಮಾಣವನ್ನು ರೋಗಿಯ ಎತ್ತರ ತೂಕಗಳಿಂದ ಮೈಯ ವಿಸ್ತಾರವನ್ನು ಗಣಿಸಿ ಗೊತ್ತುಮಾಡುತ್ತಾರೆ. ತೂಕವನ್ನು ಬರೆಯದ ಕಡತದಲ್ಲಿ ಮಿಲಿಗ್ರಾಮಿನ ಅಂಕಿಯಿದ್ದೂ ವ್ಯರ್ಥ. ಎಷ್ಟನೆಯ ಸರದಿ, ಯಾವ ದಿನ, ರಕ್ತದ ಬಿಳಿಯ ಕಣಗಳು ಕುಗ್ಗಿದುದರಿಂದ ಮುಂದೂಡಿದರೋ, ಪ್ರಮಾಣವನ್ನು ಇಳಿಸಿದರೋ, ಎಲ್ಲವೂ ಬೇಕು. ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದಲೇ ವಿನ್‌ಕ್ರಿಸ್ಟೀನ್ ಎಂಬ ಔಷಧವು ದೊರೆತುದೆಂದು ಕೇಳಿ ಸೋಜಿಗಪಟ್ಟೆವು. ಅದು ಕೈಕಾಲುಗಳಿಗೆ ಜೋಮು ಹಿಡಿಸುವುದೂ ಉಂಟು. ಆ ಬಾಧೆಯೂ ದಾಖಲೆಗೆ ಸೇರಬೇಕು.

ಹೊಸ ಔಷಧದ ಪರೀಕ್ಷೆಗೆ ಅತಿ ವೃದ್ಧರನ್ನೂ ಬೇರೆ ಕಾಯಿಲೆಯುಳ್ಳವರನ್ನೂ ಬಹುಮಟ್ಟಿಗೆ ಸೇರಿಸರು. ಆಸ್ಪತ್ರೆಗೆ ಬರುವವರಾದರೋ ಅಂಥವರೇ. ಆದುದರಿಂದ ಈ ಲೆಕ್ಕ. ನಮ್ಮ ದೇಶದಲ್ಲಿ 1981ರಲ್ಲಿ ಕ್ಯಾನ್ಸರ್ ನೋಂದಣಿಯ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಗಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅದರಲ್ಲಿ ಸೇರಿತು. ರೋಗಿಗಳೆಷ್ಟು ಮಂದಿ ಎಂಬುದು ಒಂದು ಗಣನೆ; ಯಾರಿಗೆ ಯಾವ ಔಷಧ ಎಷ್ಟು ಸಂದಿತೆಂಬುದು ಮತ್ತೊಂದು. ಇಂಗ್ಲೆಂಡಿನಲ್ಲಿ ಸರಕಾರಿ ಆಸ್ಪತ್ರೆಗಳಿಂದ ಈ ಎರಡನೆಯದನ್ನು 2012ರಿಂದ ಒಂದೆಡೆ ಕೂಡಿಸುತ್ತ ಬಂದಿದ್ದಾರೆ.

ಎರಡು ಸರದಿಗಳ ಬಳಿಕ ಕೆಲವು ಕಡತಗಳು ಮೌನವಾಗುತ್ತವೆ. ಹಣ ಮುಗಿಯಿತೋ, ನಾಟಿವೈದ್ಯರ ಬಳಿಗೆ ಹೋದರೋ, ತೀರಿಕೊಂಡರೋ? ಅವರನ್ನು ಬಿಟ್ಟು ಉಳಿದವರನ್ನೇ ಎಣಿಸಿದರೆ ಔಷಧವು ಇರುವುದಕ್ಕಿಂತ ಗುಣಕಾರಿಯೆಂದು ತೋರೀತು. ಆದ್ದರಿಂದ ಇವಳು ಒಬ್ಬೊಬ್ಬರ ಮನೆಗೂ ಟೆಲಿಫೋನು ಮಾಡಿ ವಿಚಾರಿಸುತ್ತಾಳೆ. ತಪ್ಪಿಹೋದ ಕುರಿಯ ಸಾಮ್ಯವನ್ನು ಭಾನುವಾರದ ಶಾಲೆಯಲ್ಲಿ ಚೆನ್ನಾಗಿಯೇ ಕಲಿತಿದ್ದಳು.

ಈ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿಗೆ ಹೇಳಿದೆವು, ಆಕೆಯೂ ಚಿಕಿತ್ಸೆಯಲ್ಲಿರುವವರು. ಹೆಸರು ಹೊರಬಿದ್ದರೆ ಮಗಳ ಮದುವೆಯ ಗತಿಯೇನೆಂದು ಅವರು ಕೇಳಿದರು. ಹೆಸರನ್ನು ತೆಗೆದು ಸಂಖ್ಯೆಯನ್ನು ಇಡುವರೆಂಬುದು ನಿಜ. ಆದರೂ ಚಿಕ್ಕ ಊರಿನಲ್ಲಿ ವಯಸ್ಸು, ರೋಗ, ತಾರೀಖುಗಳಿಂದಲೇ ಮನುಷ್ಯರ ಗುರುತು ಸಿಕ್ಕೀತು. ಅವರ ಭಯವನ್ನು ಅಜ್ಞಾನವೆನ್ನಲು ನಮಗೆ ಮನಸ್ಸು ಬಾರದು.

ಹಳೆಯ ವಿದ್ಯಾರ್ಥಿನಿಯು ತಿದ್ದಿಕೊಡಿರೆಂದು ಬಿಟ್ಟುಹೋಗಿದ್ದ ಕನ್ನಡದ ಒಪ್ಪಿಗೆಪತ್ರವನ್ನು ಆ ತಾಯಿಗೆ ಓದಿ ಹೇಳಿದೆವು. ಎರಡು ಸಲ ಓದಿಸಿಕೊಂಡು, “ಅಮ್ಮನವರೇ, ಇದರಲ್ಲಿ ಒಲ್ಲೆನೆಂದು ಬರೆಯಲು ಜಾಗವೆಲ್ಲಿ?” ಎಂದರು. ಆ ಸಾಲನ್ನು ರುಜುವಿನ ಮೇಲ್ಗಡೆ ಸೇರಿಸಿ ಪತ್ರವನ್ನು ಹಿಂದಿರುಗಿಸಿದೆವು.