ಆ ಒಂದು ‘ಇಲ್ಲ’

ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವಾಗ ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ನನ್ನನ್ನು ತಡೆದು ನಿಲ್ಲಿಸಿದರು. ಮಗಳನ್ನು ನೋಡಲು ಅವರು ಫ್ರಾನ್ಸ್ ದೇಶಕ್ಕೆ ಹೊರಟಿದ್ದರು. “ವೀಸಾಕ್ಕೆ ಪ್ರಯಾಣ ವಿಮೆ ಕಡ್ಡಾಯವಂತೆ ಸಾರ್. ಯಾವುದು ಅಗ್ಗವೋ ಅದನ್ನು ಮಾಡಿಸಿದರೆ ಸಾಕಲ್ಲವೇ?” ಎಂದು ಕೇಳಿದರು. ಚರ್ಚಿನ ಮೆಟ್ಟಿಲ ಮೇಲೆ ನಿಂತು ಆ ಪ್ರಶ್ನೆಗೆ ಉತ್ತರಿಸುವುದು ನನ್ನಿಂದಾಗಲಿಲ್ಲ. ಸಂಜೆ ಮನೆಗೆ ಬನ್ನಿ ಎಂದೆ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ತಪ್ಪೇ ಹೆಚ್ಚಾಗಿರುವುದರಿಂದ ಬರೆಯಲು ಸಂಕೋಚವಿದೆ. ಆದರೂ ಒಂದು ಕುಟುಂಬಕ್ಕಾದರೂ ಪ್ರಯೋಜನವಾದೀತೆಂಬ ನಂಬಿಕೆಯಿದೆ.

2018ರಲ್ಲಿ ನಾನೂ ನನ್ನ ಪತ್ನಿಯೂ ಮೊದಲ ಮೊಮ್ಮಗಳನ್ನು ನೋಡಲು ಜರ್ಮನಿಗೆ ಹೊರಟೆವು. ಷೆಂಗೆನ್ ವೀಸಾ ಬೇಡುವವರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ತೋರಿಸಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆವಾಸ, ಅನಾರೋಗ್ಯದ ಕಾರಣ ಸ್ವದೇಶಕ್ಕೆ ಮರಳಿಸುವ ವೆಚ್ಚ, ಮರಣ ಸಂಭವಿಸಿದರೆ ಪಾರ್ಥಿವ ಶರೀರವನ್ನು ತಲುಪಿಸುವ ವೆಚ್ಚ ಇವೆಲ್ಲವೂ ಅದರಲ್ಲಿ ಸೇರಿರಬೇಕೆಂಬುದು ನಿಯಮ. ನನ್ನ ಪಾಲಿಗಾದರೋ ಅದು ವೀಸಾ ಅರ್ಜಿಯೊಡನೆ ಲಗತ್ತಿಸುವ ಇನ್ನೊಂದು ಕಾಗದ ಮಾತ್ರವಾಗಿತ್ತು.

ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ಈಗಾಗಲೇ ಇರುವ ಕಾಯಿಲೆಗಳೇನಾದರೂ ಇವೆಯೇ? ನನ್ನ ಪತ್ನಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆ, ಸಕ್ಕರೆ ಕಾಯಿಲೆಯೂ ಇದೆ. ಏಜೆಂಟರು, “ಅದನ್ನೆಲ್ಲಾ ಬರೆದರೆ ಕಂತು ಹೆಚ್ಚಾಗುತ್ತದೆ, ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಎಲ್ಲರೂ ‘ಇಲ್ಲ’ ಎಂದೇ ಬರೆಸುತ್ತಾರೆ” ಎಂದರು. ನಾನು ಒಂದು ಕ್ಷಣ ತಡೆದೆ. ಮರುಕ್ಷಣ ಸಹಿ ಹಾಕಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಅದು ಸುಳ್ಳೆಂದು ತೋರಲೇ ಇಲ್ಲ. ಕೇವಲ ಒಂದು ಸೌಕರ್ಯವೆಂದು ತೋರಿತು.

ನಾವು ವಿಮಾನದಿಂದಿಳಿದಾಗ ಒಂದು ಸೂಟ್‌ಕೇಸು ಬಂದಿರಲಿಲ್ಲ. ಮೊಮ್ಮಗಳನ್ನು ನೋಡುವ ಆತುರದಲ್ಲಿ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ, ವಿಳಾಸ ಕೊಟ್ಟು ಹೊರಟುಬಿಟ್ಟೆ. ಸೂಟ್‌ಕೇಸು ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ನಾವು ಕೊಂಡ ಸ್ವೆಟರು, ಒಳಉಡುಪುಗಳ ಹಣವನ್ನು ವಿಮೆಯಿಂದ ಕೇಳಿದಾಗ, ವಿಮಾನ ಸಂಸ್ಥೆ ಕೊಟ್ಟ ಲಿಖಿತ ವರದಿ ಎಲ್ಲಿ ಎಂದರು. ನನ್ನ ಬಳಿ ಅದಿರಲಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದದಂತೆ ಸಾಮಾನು ತಡವಾದರೆ ವಿಮಾನ ಸಂಸ್ಥೆಯೂ ಹೊಣೆ. ಸಾಮಾನು ಕೈಸೇರಿದ 21 ದಿನಗಳೊಳಗೆ, ಹಾನಿಯಾಗಿದ್ದರೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಇದೂ ನನಗೆ ತಿಳಿದದ್ದು ಊರಿಗೆ ಮರಳಿದ ಬಹುಕಾಲದ ನಂತರ.

ಆದರೆ ನಷ್ಟ ಬಟ್ಟೆಯದಾಗಿರಲಿಲ್ಲ. ಪತ್ನಿಯ ಮಾತ್ರೆಗಳೆಲ್ಲಾ ಆ ಸೂಟ್‌ಕೇಸಿನಲ್ಲಿದ್ದವು. ಬಾಣಂತಿಯೂ ಹಸುಗೂಸೂ ಇರುವ ಮನೆಯಲ್ಲಿ ತನ್ನಿಂದ ತೊಂದರೆಯಾಗಬಾರದೆಂದು ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮುಂಜಾನೆ, “ರೀ, ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ” ಎಂದವಳೇ ಮಂಚದ ಅಂಚಿನಲ್ಲಿ ಕುಸಿದಳು. ಮಗ 112ಕ್ಕೆ ಫೋನ್ ಮಾಡಿದ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದಳು. ದೇವರ ದಯೆಯಿಂದ ಪಾರಾದಳು.

ವಿಮೆಯವರ ಸಹಾಯವಾಣಿಗೆ ಮಗ ಆ ದಿನವೇ ತಿಳಿಸಿದ್ದ. ಅವರು ಆಸ್ಪತ್ರೆಯ ದಾಖಲೆ ಕೇಳಿದರು. ‘ಹತ್ತು ವರ್ಷಗಳಿಂದ ಅಧಿಕ ರಕ್ತದೊತ್ತಡ’ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ವೈದ್ಯರು ಕೇಳಿದಾಗ ಹಾಗೆಂದು ಹೇಳಿದವನು ನಾನೇ. ಕ್ಲೇಮು ತಿರಸ್ಕೃತವಾಯಿತು. ಆಂಬುಲೆನ್ಸೂ ಸೇರಿ ಸುಮಾರು 2 ಲಕ್ಷ 40 ಸಾವಿರ ರೂಪಾಯಿಗಳಷ್ಟು ಬಿಲ್ಲನ್ನು ಮಗ ತೆತ್ತ. “ಇರಲಿ ಬಿಡಪ್ಪಾ, ಅಮ್ಮ ಚೆನ್ನಾಗಿದ್ದಾಳಲ್ಲ” ಎಂದನೇ ಹೊರತು ಬೇರೊಂದು ಮಾತಾಡಲಿಲ್ಲ. ಆ ಮೌನವೇ ನನ್ನನ್ನು ಹೆಚ್ಚು ಚುಚ್ಚಿತು. ನನ್ನ ಪತ್ನಿಯಾದರೋ ಮಾತ್ರೆಗಳನ್ನು ಕೈಚೀಲದಲ್ಲಿಡದ ತಪ್ಪು ತನ್ನದೆಂದು ಇಂದಿಗೂ ಹೇಳುತ್ತಾಳೆ.

ಊರಿಗೆ ಬಂದ ಮೇಲೆ ಮಿತ್ರರು, “ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ” ಎಂದರು. ಒಳ್ಳೆಯ ಮಾರ್ಗವೇ. ಮೊದಲು ಕಂಪನಿಗೆ ಲಿಖಿತವಾಗಿ ದೂರಬೇಕು; ಅದು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್ನರ ಮೊರೆ ಹೋಗಬಹುದು; ಅದಕ್ಕೆ ಶುಲ್ಕವಿಲ್ಲ. ಅನ್ಯಾಯಕ್ಕೊಳಗಾದವರು ಹಿಂಜರಿಯಬಾರದು. ಆದರೆ ದೂರು ಬರೆಯಲು ಕುಳಿತಾಗ ನನ್ನ ಲೇಖನಿ ಮುಂದೆ ಸರಿಯಲಿಲ್ಲ. ಏಜೆಂಟರು ಹೇಳಿದ್ದು ನಿಜ. ಸಹಿ ಮಾತ್ರ ನನ್ನದು. ಕಾನೂನು ವಿಮೆಯನ್ನು ಪರಮ ವಿಶ್ವಾಸದ ಒಪ್ಪಂದವೆಂದು ಕರೆಯುತ್ತದೆ. ನಮ್ಮ ದೇಹಸ್ಥಿತಿ ನಮಗೆ ಮಾತ್ರ ಗೊತ್ತು. ನಮ್ಮ ಮಾತನ್ನು ನಂಬಿಯೇ ಎದುರಿನವರು ಹೊಣೆ ಹೊರುತ್ತಾರೆ. ಆ ನಂಬಿಕೆಯನ್ನು ಮೊದಲು ಮುರಿದವನು ನಾನು.

ಅಂದೇ ಆ ಪಾಲಿಸಿ ಪುಸ್ತಿಕೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸತ್ಯ ಹೇಳಿದ್ದರೂ ಎಲ್ಲವೂ ಸಿಗುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಅನೇಕ ಪಾಲಿಸಿಗಳು ಹಳೆಯ ಕಾಯಿಲೆಗೆ ಏನನ್ನೂ ಕೊಡುವುದಿಲ್ಲ. ಕೆಲವು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಅಂಥ ಪಾಲಿಸಿಯನ್ನು ಕೇಳಿ ಪಡೆಯಬೇಕು. ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಮೊತ್ತ ನಮ್ಮದೇ ಎಂಬ ಷರತ್ತು ಸಾಮಾನ್ಯ. ಮಾಮೂಲಿ ತಪಾಸಣೆ, ಮದ್ಯಪಾನದಿಂದಾದ ಅಪಘಾತಗಳು ಸಾಮಾನ್ಯವಾಗಿ ಹೊರಗುಳಿಯುತ್ತವೆ. ಸಾಮಾನಿನ ವಿಮೆಯಲ್ಲಿ ನಗದು, ಚಿನ್ನಕ್ಕೆ ಹೆಚ್ಚಾಗಿ ಸ್ಥಾನವಿಲ್ಲ. ಪ್ರಯಾಣ ರದ್ದಾದರೆ ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಿಗೆ ಮಾತ್ರ ಪರಿಹಾರ. ಮನಸ್ಸು ಬದಲಾಯಿತೆಂದರೆ ಸಿಗದು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ನಿಂತಾಗಲೂ, 2020ರಲ್ಲಿ ಕೊರೋನಾ ಬಂದಾಗಲೂ ಅನೇಕ ಪ್ರಯಾಣಿಕರು ತಮ್ಮ ಪಾಲಿಸಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದು ಆಮೇಲೆ ಅರಿತರು.

ಇಷ್ಟೆಲ್ಲಾ ಕೇಳಿದ ಆ ಹಿರಿಯರು ತುಸು ಹೊತ್ತು ಸುಮ್ಮನಿದ್ದರು. ಬಳಿಕ ಜೇಬಿನಿಂದ ಮಡಿಸಿದ ನಮೂನೆಯೊಂದನ್ನು ಹೊರತೆಗೆದು ಬಿಡಿಸಿದರು. ಅವರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿಸಿ ಎರಡು ವರ್ಷವಾಗಿದೆಯೆಂಬುದು ನನಗೆ ಗೊತ್ತಿತ್ತು. ಆ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಆಗಲೇ ಬರೆದಿತ್ತು. ಅವರು ನನ್ನ ಪೆನ್ನು ಕೇಳಿ ಪಡೆದು ಅದನ್ನು ಹೊಡೆದುಹಾಕಿದರು. ಕಂತು ಎಷ್ಟಾಗುವುದೋ ಎಂದು ಅವರ ಪತ್ನಿ ಮೆಲ್ಲನೆ ಕೇಳಿದರು. “ಎಷ್ಟಾದರೂ ಆಗಲಿ” ಎಂದರು ಅವರು.

ಒಳಗಿನಿಂದ ಕಾಫಿ ತಂದ ನನ್ನ ಪತ್ನಿ ಹೇಳಿದ್ದು ಒಂದೇ ಮಾತು: “ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ ಅಣ್ಣಾ, ವೈದ್ಯರ ಚೀಟಿಯೂ ಜೊತೆಗಿರಲಿ.”